ಆರ್ವಿಡ್‌ನ ಕಾಲೊರಸು

ನೀರಿನ ಮೇಲೆ ಬದುಕುವ ನಮ್ಮಲ್ಲಿ ಒಂದು ಪದ್ಧತಿಯಿದೆ. ಯಾರದೇ ದೋಣಿ ದಕ್ಕೆಗೆ ಬರಲಿ, ಕಣ್ಣಿಗೆ ಬಿದ್ದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿಹೋಗಿ ಅವರ ಹಗ್ಗ ಹಿಡಿಯಬೇಕು. ಒಲೆಯ ಮೇಲಿನ ಸಾರು ಉಕ್ಕಿದರೆ ಉಕ್ಕಲಿ. ಬಂದವನು ಬಿಟ್ಟುಹೋದ ಗಂಡನಾದರೂ ಸರಿ, ಮೊದಲು ಹಗ್ಗ, ಆಮೇಲೆ ಬೈಗುಳ. ನಮ್ಮ ದಕ್ಕೆಯ ತುದಿಯ ಎರಡು ಮನೆಯವರು ಒಂದು ನಾಯಿಯ ವಿಷಯಕ್ಕೆ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಒಬ್ಬನ ದೋಣಿ ಬಂದರೆ ಇನ್ನೊಬ್ಬ ಬಂದು ಹಗ್ಗ ಹಿಡಿದು, ಗೂಟಕ್ಕೆ ಸುತ್ತಿ, ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಆರ್ವಿಡ್ ನಿಸ್ಕನೆನ್ ನನ್ನ ಹಗ್ಗ ಹಿಡಿಯಲಿಲ್ಲ.

ನಾನು ವೆಲ್ಡಾ. ಎಪ್ಪತ್ತನಾಲ್ಕು ವರ್ಷ. ಶಾಲೆಯೊಂದರ ಅಡುಗೆಮನೆಯಲ್ಲಿ ಜೀವಮಾನ ಕಳೆದವಳು, ಬಾಯಿ ಸ್ವಲ್ಪ ಜೋರು. ಕೊಲಂಬಿಯಾ ನದಿಗೆ ಸೇರುವ, ನಾವು ಚಾನೆಲ್ ಅನ್ನುವ ಈ ಕವಲಿನಲ್ಲಿ, ದಿಮ್ಮಿಗಳ ಮೇಲೆ ತೇಲುವ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ನಮ್ಮ ದಕ್ಕೆಯಲ್ಲಿರುವುದು ಹದಿನೆಂಟು ತೇಲುಮನೆ, ಮನೆ ಮಾಡಿಕೊಂಡವರ ಐದಾರು ದೋಣಿ. ದಕ್ಕೆಗೆ ಒಡೆಯನೆಂದು ಒಬ್ಬನಿಲ್ಲ, ನಾವೇ ಪಾಲುದಾರರು. ಬಾಡಿಗೆ ಗೊತ್ತುಮಾಡುವವರೂ ನಾವೇ, ಯಾರು ಬರಬಹುದು ಯಾರು ಬೇಡ ಎಂದು ಕೈ ಎತ್ತುವವರೂ ನಾವೇ. ಅದಕ್ಕೇ ಇಲ್ಲಿ ಬಾಡಿಗೆ ಕಡಿಮೆ, ಜಗಳ ಜಾಸ್ತಿ.

ಆರ್ವಿಡ್ ಇದ್ದದ್ದು ನಮ್ಮಿಂದ ಎರಡು ತಿರುವು ಮೇಲಿನ ದಕ್ಕೆಯಲ್ಲಿ, ತನ್ನ ಹಾಯಿದೋಣಿಯಲ್ಲಿ. ದೋಣಿಯ ಹೆಸರು ಟಿಲ್ಲಿ. ಒಳಗೆ ಒಂದು ಮಂಚ, ಎರಡು ಉರಿಯ ಒಲೆ, ಅಂಗೈಯಗಲದ ಓವನ್, ಬಚ್ಚಲೂ ಕಕ್ಕಸೂ ಸೇರಿದ ಒಂದು ಗೂಡು. ಅವನೇನು ಹಾಯಿ ಬಿಚ್ಚಿ ಸಮುದ್ರ ಸುತ್ತುವ ಶೋಕಿಯ ಮನುಷ್ಯನಲ್ಲ. ವಯಸ್ಸಿನಲ್ಲಿ ಟಗ್ ದೋಣಿಯಲ್ಲಿದ್ದು, ಮರದ ಮಿಲ್ಲುಗಳಿಗೆ ದಿಮ್ಮಿಗಳ ತೆಪ್ಪ ಎಳೆಯುತ್ತಿದ್ದವನು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಹೋಯಿತು. ಅದರ ಹಿಂದೆಯೇ ಹೆಂಡತಿಯೂ ಬೇರೆಯಾದಳು. ಮನೆ ಮಾರಿ ಬಂದ ತನ್ನ ಪಾಲಿನಲ್ಲಿ ಒಬ್ಬ ಹಲ್ಲಿನ ಡಾಕ್ಟರರ ಹಳೆಯ ದೋಣಿ ಕೊಂಡು, ಅದರಲ್ಲೇ ಪಾತ್ರೆಪಡಗ ಇಟ್ಟುಕೊಂಡ. ಅವನಿಗೆ ಬರುವ ಪಿಂಚಣಿಯಲ್ಲಿ ಊರೊಳಗೆ ಒಂದು ಕೋಣೆಯೂ ಸಿಗುವುದಿಲ್ಲ. ನೀರಿನ ಮೇಲಾದರೆ ಬಾಡಿಗೆ ಕೊಟ್ಟು, ಮೀನು ಹಿಡಿದು, ಮರ್ಯಾದೆಯಾಗಿ ಬದುಕಬಹುದು. ಹಾಗೆ ಹದಿನಾರು ವರ್ಷ ಬದುಕಿದ.

ಮಾತು ಕಡಿಮೆಯ ಆಸಾಮಿ. ಫಿನ್‌ಲೆಂಡಿನಿಂದ ಬಂದ ಅಜ್ಜಿ ಕಲಿಸಿದ್ದಂತೆ, ಹಾಲು ಬೆಣ್ಣೆ ಹಾಕಿ ಹಿಟ್ಟು ನಾದಿ, ಏಲಕ್ಕಿ ಕುಟ್ಟಿ ಸೇರಿಸಿ, ಜಡೆಯ ಹಾಗೆ ಹೆಣೆದು ಒಂದು ಸಿಹಿ ಬ್ರೆಡ್ಡು ಸುಡುತ್ತಿದ್ದ. ಕ್ರಿಸ್‌ಮಸ್ಸಿಗೆ ನಮ್ಮ ದಕ್ಕೆಗೂ ಒಂದು ಬರುತ್ತಿತ್ತು. ಇನ್ನೊಂದು ಅವನ ಕೈಕೆಲಸವೆಂದರೆ ಕಾಲೊರಸು. ಟಗ್ ದೋಣಿಯ ಹಳೆಯ ದಪ್ಪ ಹಗ್ಗವನ್ನು ಗಂಟು ಹಾಕಿ ಹಾಕಿ ಹೆಣೆದದ್ದು, ಒಬ್ಬನೇ ಎತ್ತಲಾಗದಷ್ಟು ಭಾರ. ಟಿಲ್ಲಿಯ ಪಕ್ಕ ದಕ್ಕೆಯ ಹಲಗೆಯ ಮೇಲೆ ಅದು ಸದಾ ಬಿದ್ದಿರುತ್ತಿತ್ತು. ನಮ್ಮಲ್ಲಿ ದೋಣಿಯ ಪಕ್ಕ ಕಾಲೊರಸು ಇದ್ದರೆ ಒಳಗೆ ಸಂಸಾರವಿದೆ ಎಂದು ಅರ್ಥ. ಇಲ್ಲದಿದ್ದರೆ ಅದು ಬರೀ ದೋಣಿ.

ಆ ವರ್ಷ ವಸಂತದಲ್ಲಿ ಅವನಿದ್ದ ದಕ್ಕೆಯನ್ನು ಯಾರೋ ಹೊರಗಿನವರು ಕೊಂಡರು. ಹೊಸ ಯಜಮಾನರ ಮೊದಲ ಅಪ್ಪಣೆಯೇ ಹಲಗೆಗಳ ಮೇಲಿನ ಹೂಕುಂಡ, ಸೈಕಲ್ಲು, ಕಾಲೊರಸು ಎಲ್ಲ ತೆಗೆಯಿರಿ ಎಂದು. ಆರ್ವಿಡ್ ಅಂದೇ ಕಾಲೊರಸನ್ನು ಸುರುಳಿ ಸುತ್ತಿ ಟಿಲ್ಲಿಯೊಳಗೆ ಎಳೆದುಕೊಂಡನಂತೆ. ಎರಡನೆಯ ಅಪ್ಪಣೆ ಬರಲು ತಡವಾಗಲಿಲ್ಲ. ಸೆಪ್ಟೆಂಬರ್ ಮುಗಿಯುವುದರೊಳಗೆ ದೋಣಿಗಳಲ್ಲಿ ವಾಸ ಮಾಡುವವರು ಖಾಲಿ ಮಾಡಬೇಕು. ದೋಣಿ ಇರಬಹುದು, ಮನುಷ್ಯರು ಇರಬಾರದು. ಎಂಥ ನ್ಯಾಯ ನೋಡಿ.

ಅಲ್ಲಿಂದ ಶುರುವಾಯಿತು ಆರ್ವಿಡ್‌ನ ಅಲೆದಾಟ. ತುಕ್ಕು ಹಿಡಿದ ತನ್ನ ಪಿಕಪ್ ಗಾಡಿಯಲ್ಲಿ ಬೆಳಗ್ಗೆ ಹೊರಟರೆ ಸೇಂಟ್ ಹೆಲೆನ್ಸ್ ಊರಿನ ತನಕ, ಆಚೆ ದಡದಲ್ಲೂ ಸುತ್ತಿ, ದಕ್ಕೆ ದಕ್ಕೆಗೂ ಇಳಿದು ಕೇಳುತ್ತಿದ್ದ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ. ಒಂದು ಕಡೆ ಜಾಗ ಖಾಲಿಯಿದೆ, ಆದರೆ ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ಮಲಗುವಂತಿಲ್ಲ. ಇನ್ನೊಂದು ಕಡೆ ಮಲಗಬಹುದು, ಆದರೆ ಮೂವತ್ತು ವರ್ಷ ದಾಟಿದ ದೋಣಿ ಬೇಡ. ಮತ್ತೊಂದು ಕಡೆ ಹಳೆಯ ದೋಣಿಯೂ ಆದೀತು, ವಾಸವೂ ಆದೀತು, ಬಾಡಿಗೆ ಮಾತ್ರ ಅವನ ಪಿಂಚಣಿಯ ಮುಕ್ಕಾಲು ಪಾಲು. ಅಗ್ಗದ ಜಾಗಗಳಲ್ಲಿ ಕಾಯುವವರ ಸಾಲೇ ನಾಲ್ಕು ವರ್ಷದ್ದು. ಒಬ್ಬ ಮ್ಯಾನೇಜರನಂತೂ ನಗುನಗುತ್ತಲೇ ಹೇಳಿದನಂತೆ, ಯಾರಾದರೂ ಸತ್ತರೆ ಫೋನು ಮಾಡುತ್ತೇನೆ ಎಂದು. ಆರ್ವಿಡ್ ಆ ಮಾತನ್ನೂ ನಂಬಿ ಫೋನನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಿದ.

ಬೇಸಿಗೆ ಕಳೆಯುವಷ್ಟರಲ್ಲಿ ಮನುಷ್ಯ ಇಳಿದುಹೋಗಿದ್ದ. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಸಿಕ್ಕಾಗ ನನಗೆ ಗುರುತೇ ಹತ್ತಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಹಗ್ಗದ ತುಂಡು ಕಟ್ಟಿಕೊಂಡಿದ್ದ. ದಕ್ಕೆಯ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ನೋಟಿಸು ತಂದರೇನೋ ಎಂದು ಎದೆ ಧಸಕ್ಕೆನ್ನುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ ಎಂದ. ಜಾಗ ಸಿಗದಿದ್ದರೆ ಟಿಲ್ಲಿಯನ್ನು ಮಾರಲೂ ಆಗುವುದಿಲ್ಲ, ಆ ವಯಸ್ಸಿನ ದೋಣಿಯನ್ನು ಯಾರೂ ಪುಕ್ಕಟೆಗೂ ಮುಟ್ಟರು. ಆಮೇಲೆ ಉಳಿಯುವುದು ಪಿಕಪ್ಪಿನ ಹಿಂದಿನ ಸೀಟು. ಅರವತ್ತೇಳು ವರ್ಷದವನು, ಮೊಣಕಾಲು ಬೇರೆ ಮಡಚದು, ಆ ಸೀಟಿನ ಮೇಲೆ ಹೇಗೆ ಮಲಗಬೇಕೆಂದು ಅಳತೆ ಮಾಡಿ ನೋಡಿದ್ದನಂತೆ. ಅದನ್ನು ಅವನು ಸುಮ್ಮನೆ, ಹವಾಮಾನ ಹೇಳುವ ಹಾಗೆ ಹೇಳಿದ್ದು ಕೇಳಿ ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

"ನೀನೊಬ್ಬ ಪೆದ್ದ ಕಣೋ," ಅಂದೆ. "ಊರೆಲ್ಲ ಸುತ್ತಿದೀಯ, ನಮ್ಮ ದಕ್ಕೇನ ಒಂದ್ ಮಾತು ಕೇಳ್ಬಾರ್ದಾ?"

ನಮ್ಮಲ್ಲಿ ಮನೆ ಮಾಡಿಕೊಂಡಿದ್ದ ಒಂದು ದೋಣಿ ಆ ತಿಂಗಳೇ ಹೊರಟುಹೋಗಿ ಜಾಗ ತೆರವಾಗಿತ್ತು. ಪಾಲುದಾರರ ಸಭೆಯಲ್ಲಿ ಕೈ ಎತ್ತಿದರೆ ಆಯಿತು. ನಿನ್ನ ಪರವಾಗಿ ಮಾತಾಡುವುದು ನನ್ನ ಜವಾಬ್ದಾರಿ, ನೀನು ಒಗೆದ ಅಂಗಿ ಹಾಕಿಕೊಂಡು ಬಂದು ಕೂತರೆ ಸಾಕು ಎಂದೆ. ಅಂಗಡಿಯಲ್ಲೇ ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಎಲ್ಲರೂ ನೋಡುತ್ತಿದ್ದರು, ನಾನು ಕೊಸರಿಕೊಂಡೆ.

ಸಭೆ ಸೆಪ್ಟೆಂಬರ್ ಮಧ್ಯದ ಒಂದು ಶನಿವಾರ, ನನ್ನ ಮನೆಯಲ್ಲಿ. ನಮ್ಮ ಅಧ್ಯಕ್ಷ ಗಾರ್ಥ್, ಒಂದು ಕಾಲದಲ್ಲಿ ಬಸ್ ಡಿಪೋದಲ್ಲಿ ಮೇಲ್ವಿಚಾರಕನಾಗಿದ್ದವನು. ಈಗಲೂ ನಮ್ಮನ್ನೆಲ್ಲ ಡ್ರೈವರುಗಳೆಂದೇ ತಿಳಿದಿದ್ದಾನೆ. ಎಲ್ಲರೂ ಒಂದೊಂದು ಅಡುಗೆ ತರುವುದು ವಾಡಿಕೆ. ಐಸ್ ತರುವುದು ಗಾರ್ಥ್‌ನ ಕೆಲಸ, ಅವನು ಮರೆತ. ಸುಡುಬಿಸಿಲು. ಐಸ್ ಇಲ್ಲದೆ ನಿಂಬೆ ಪಾನಕ ಕುಡಿಸಿದರೆ ಜನರ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟರೆ ಕೈ ಮೇಲೇಳುವುದಿಲ್ಲ. ಹಾಗೆಂದು ನಾನೇ ನನ್ನ ಮೋಟಾರ್ ದೋಣಿ ಬಿಚ್ಚಿಕೊಂಡು ಕೆಳಗಿನ ಪೆಟ್ರೋಲ್ ದಕ್ಕೆಗೆ ಹೋದೆ. ಒಟ್ಟಿನಲ್ಲಿ ನಾನು ಐಸ್ ತರಲು ಹೋದದ್ದೂ ಅವನಿಗಾಗಿಯೇ.

ನಾನು ಬರುವುದರೊಳಗೆ ಸಭೆ ಶುರುವಾಗಿತ್ತು. ಗಾರ್ಥ್‌ಗೆ ಮೂರು ಗಂಟೆಗೆ ಟಿವಿಯಲ್ಲಿ ಪಂದ್ಯ ನೋಡಬೇಕಿತ್ತಂತೆ. ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಕಣಜದ ಹುಳುಗಳ ಕಾಟ ಹೇಳತೀರದು, ಮೀನಿನ ವಾಸನೆ ಬಂದರೆ ಸಾಕು ಮುತ್ತಿಕೊಳ್ಳುತ್ತವೆ. ಮೇಜಿನ ಮೇಲೆ ಹೊಗೆ ಹಾಕಿದ ಸಾಲ್ಮನ್ ಮೀನು ಇತ್ತು. ಆದ್ದರಿಂದ ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ, ದೊಡ್ಡ ಫ್ಯಾನು ಹಾಕಿಕೊಂಡು ಒಳಗೆ ಕೂತಿದ್ದರು. ಎಲ್ಲರದೂ ಗಾರ್ಥ್‌ನ ಕಡೆಗೆ ಮುಖ, ನೀರಿನ ಕಡೆಗೆ ಬೆನ್ನು. ಗಾರ್ಥ್‌ನ ಪಕ್ಕದ ಕುರ್ಚಿಯಲ್ಲಿ, ಕಿಟಕಿಗೆ ಎದುರಾಗಿ ಕೂತಿದ್ದವನು ಆರ್ವಿಡ್ ಒಬ್ಬನೇ. ಗಾರ್ಥ್ ತಲೆ ಬಗ್ಗಿಸಿ ನಿಯಮಗಳನ್ನು ಓದುತ್ತಿದ್ದ.

ನಾನು ತಿರುವಿನಲ್ಲಿ ಬಂದಾಗ ನೀರು ಜೋರಾಗಿ ಇಳಿಯುತ್ತಿತ್ತು. ಅದಕ್ಕೆ ಎದುರಾಗಿ ಕೆಳಗಿನಿಂದ ಗಾಳಿ. ಇಂಥ ಹೊತ್ತಿನಲ್ಲಿ ದೋಣಿ ಹಟಮಾರಿ ಎಮ್ಮೆಯ ಹಾಗೆ, ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಹಗ್ಗ ಹಿಡಿಯಲೇಬೇಕು. ದಕ್ಕೆಯ ಮೇಲೆ ನರಪಿಳ್ಳೆಯಿಲ್ಲ. ಹಾರ್ನ್ ಬಾರಿಸಿದೆ, ಮತ್ತೆ ಬಾರಿಸಿದೆ. ಆಗ ಕಿಟಕಿಯ ಗಾಜಿನಲ್ಲಿ ಆರ್ವಿಡ್‌ನ ಮುಖ ಕಂಡಿತು. ನನ್ನನ್ನೇ ನೋಡುತ್ತಿದ್ದ. ಸದ್ಯ, ಬದುಕಿದೆ ಅಂದುಕೊಂಡು ಮೂತಿಯನ್ನು ದಕ್ಕೆಯ ಕಡೆಗೆ ತಿರುಗಿಸಿಬಿಟ್ಟೆ. ಅವನು ಕುರ್ಚಿಯಿಂದ ಅರ್ಧ ಎದ್ದದ್ದನ್ನು ಕಂಡೆ. ಹಗ್ಗ ಸುತ್ತಿ ಎಸೆಯಲು ಸಿದ್ಧಳಾದೆ. ಅವನು ಕೂತುಬಿಟ್ಟ.

ಹಗ್ಗ ಬರೀ ಹಲಗೆಯ ಮೇಲೆ ಬಿದ್ದು ಜಾರಿ ನೀರಿಗೆ ಬಿತ್ತು. ದೋಣಿ ಅಡ್ಡಲಾಗಿ ಹೋಗಿ ದಕ್ಕೆಯ ಮೂಲೆಗೆ ಗುದ್ದಿತು. ಮುಂದಿನ ಕಂಬಿ ನಜ್ಜುಗುಜ್ಜಾಯಿತು, ನಾನು ಕೈ ಊರಿ ಬಿದ್ದೆ, ಎಡ ಮಣಿಕಟ್ಟು ಲಟಕ್ಕೆಂದಿತು. ಆ ಸದ್ದಿಗೆ ಮನೆ ಅಲುಗಾಡಿ ಎಲ್ಲರೂ ಹೊರಗೆ ಓಡಿಬಂದರು. ಕಣಜಗಳು ಒಳಗೆ ಹೋದವು.

ನನ್ನನ್ನು ಎತ್ತಿ ತಂದು ಕೂರಿಸಿ, ಪಾನಕಕ್ಕೆಂದು ತಂದ ಐಸನ್ನೇ ಚೀಲದ ಸಮೇತ ಮಣಿಕಟ್ಟಿಗೆ ಒತ್ತಿದರು. ಗಾರ್ಥ್ ಆರ್ವಿಡ್‌ನ ಕಡೆಗೆ ತಿರುಗಿದ.

"ನೀನು ಕಿಟ್ಕಿ ಕಡೆ ಮುಖ ಮಾಡ್ಕೊಂಡಿದ್ಯಲ್ಲಯ್ಯ. ಕಾಣ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಬಿಸಿಲಿನ ಝಳ ಅನ್ನಬಹುದಿತ್ತು, ಗಾಜು ಮಾಸಲು ಅನ್ನಬಹುದಿತ್ತು, ನಾವು ನಂಬುತ್ತಿದ್ದೆವು.

"ಕಾಣಿಸ್ತು," ಅಂದ ಆರ್ವಿಡ್. ಮುಖ ಸುಣ್ಣದ ಹಾಗಾಗಿತ್ತು. "ಎದ್ದೆ. ನೀವು ನಿಯಮ ಓದ್ತಾ ಇದ್ರಿ. ಮಧ್ಯದಲ್ಲಿ ಎದ್ದುಹೋದ್ರೆ ಏನಂದ್ಕೋತೀರೋ, ಜಾಗ ಎಲ್ಲಿ ತಪ್ಪಿಹೋಗುತ್ತೋ ಅಂತ ಭಯ ಆಯ್ತು. ಕೂತ್ಬಿಟ್ಟೆ."

ಮೊದಲು ಮಾತಾಡಿದವಳು ನಾನು. ನೋವು, ಅವಮಾನ, ಎಲ್ಲ ಸೇರಿ ನಾಲಿಗೆಗೆ ಬಂತು.

"ನಿನಗೆ ಜಾಗ ತಾನೇ ಬೇಕಿತ್ತು? ತಗೋ, ಇಡೀ ನದಿ ನಿಂದೇ. ಹೋಗು."

ನಮ್ಮಲ್ಲಿ ಕುಡುಕನನ್ನು ಸಹಿಸುತ್ತೇವೆ, ಬಾಡಿಗೆ ತಡಮಾಡುವವನನ್ನು ಸಹಿಸುತ್ತೇವೆ. ದೋಣಿ ಬರುವುದನ್ನು ಕಂಡೂ ಕೂತವನನ್ನು ಸೇರಿಸಿಕೊಳ್ಳುವುದು ಹೇಗೆ? ಅವನ ಪರವಾಗಿ ಒಂದು ಕೈಯೂ ಏಳಲಿಲ್ಲ. ಅವನು ವಾದ ಮಾಡಲಿಲ್ಲ, ಬೇಡಿಕೊಳ್ಳಲಿಲ್ಲ. ನನ್ನ ದೋಣಿಯನ್ನು ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ಎಂದು ಹೋಗುವಾಗ ನೋಡಿ, ಒಂದು ಗಂಟು ಸಡಿಲವಾಗಿದ್ದದ್ದನ್ನು ಬಿಗಿ ಮಾಡಿ ಹೊರಟುಹೋದ. ಅವನು ತಂದಿದ್ದ ಏಲಕ್ಕಿ ಬ್ರೆಡ್ಡನ್ನು ಯಾರೂ ಮುಟ್ಟಲಿಲ್ಲ, ಕಣಜಗಳು ತಿಂದವು.

ತಿಂಗಳು ಮುಗಿಯಿತು, ನಮ್ಮ ತೆರವಾದ ಜಾಗಕ್ಕೆ ಬೇರೆ ದೋಣಿ ಬಂತು. ಆರ್ವಿಡ್ ಟಿಲ್ಲಿಯನ್ನು ಬಿಚ್ಚಿಕೊಂಡು ಹೊರಟ. ಎಲ್ಲಿಗೆ ಎಂದು ಅವನಿಗೇ ಗೊತ್ತಿರಲಿಲ್ಲ. ಸುದ್ದಿ ನಮಗೆ ಅವರಿವರ ಬಾಯಿಂದ ಬರುತ್ತಿತ್ತು. ಒಂದಷ್ಟು ದಿನ ಸಾರ್ವಜನಿಕ ದಕ್ಕೆಯಲ್ಲಿದ್ದನಂತೆ. ಅಲ್ಲಿ ಇಷ್ಟು ದಿನ ಮಾತ್ರ ಎಂಬ ಕಟ್ಟಳೆ, ಅದು ಮುಗಿದ ಮೇಲೆ ಕಾವಲಿನವನು ಬಂದು ಎಬ್ಬಿಸಿದ. ಆಮೇಲೆ ದ್ವೀಪದ ಮರೆಯಲ್ಲಿ ಲಂಗರು ಹಾಕಿಕೊಂಡಿದ್ದನ್ನು ಯಾರೋ ಮೀನಿನವರು ಕಂಡರು. ಲಂಗರಿನ ಮೇಲಿರುವವನಿಗೆ ನಿದ್ದೆಯಿಲ್ಲ. ಗಾಳಿ ತಿರುಗಿದರೆ ಲಂಗರು ಕಿತ್ತುಬರುತ್ತದೆ, ಮರಳಿನ ದೋಣಿಗಳು ಹೋದರೆ ಅಲೆ ಎತ್ತಿ ಕುಕ್ಕುತ್ತದೆ, ತೇಲಿಬರುವ ದಿಮ್ಮಿಯ ಭಯ ಬೇರೆ. ಮಳೆಗಾಲ ಹತ್ತಿರ ಬರುತ್ತಿತ್ತು. ಅಂಗಡಿಯವಳು ಹೇಳಿದಳು, ಆರ್ವಿಡ್ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ದಡಕ್ಕೆ ಬಂದಿದ್ದ, ಬೀನ್ಸ್ ಡಬ್ಬಿ ಕೊಂಡ, ನಿಂತಲ್ಲೇ ತೂಕಡಿಸುತ್ತಿದ್ದ ಎಂದು. ಅವನ ಸುದ್ದಿ ಯಾಕೆ ಹೇಳುತ್ತೀಯ ಎಂದು ಅವಳ ಮೇಲೆ ರೇಗಿದೆ. ಮಾರನೆಯ ದಿನ ನಾನೇ ಹೋಗಿ, ಮತ್ತೆ ಬಂದಿದ್ದನಾ ಎಂದು ಕೇಳಿದೆ.

ನನ್ನ ಕೈ ಪ್ಲಾಸ್ಟರಿನಲ್ಲಿ ವಾರಗಟ್ಟಲೆ ಇತ್ತು. ಕೂತು ಯೋಚಿಸಲು ಬೇಕಾದಷ್ಟು ಹೊತ್ತು. ಬಿಚ್ಚಿದ ಮೇಲೆ ಮುಷ್ಟಿ ಕಟ್ಟಿದರೆ ನಡುಗುತ್ತಿತ್ತು. ಬಲಗೈ ಮುಷ್ಟಿಯನ್ನೂ ಕಟ್ಟಿ ನೋಡಿದೆ. ಅದೂ ನಡುಗುತ್ತಿತ್ತು, ಅದಕ್ಕೇನೂ ಏಟು ಬಿದ್ದಿರಲಿಲ್ಲ. ನಿಜ ಹೇಳಬೇಕೆಂದರೆ ಎರಡು ವರ್ಷದಿಂದ ಆ ದೋಣಿ ನನ್ನ ಕೈ ಮೀರಿತ್ತು. ಯಾರಾದರೂ ಹಗ್ಗ ಹಿಡಿಯುತ್ತಿದ್ದರಿಂದ ಅದು ಬಯಲಾಗಿರಲಿಲ್ಲ ಅಷ್ಟೆ. ಅಳುತ್ತಲೇ ದೋಣಿ ಮಾರಿದೆ, ಹೊಸದಾಗಿ ಮದುವೆಯಾದ ಜೋಡಿಯೊಂದು ಕೊಂಡುಹೋಯಿತು. ನನ್ನ ಮನೆಯ ಪಕ್ಕದ ನೀರು ಬೋಳಾಯಿತು. ಬೆಳಗ್ಗೆ ಕಾಫಿ ಹಿಡಿದು ಹೊರಗೆ ಬಂದರೆ ಕಾಣುತ್ತಿದ್ದದ್ದು ಗುದ್ದಿದ ಮೂಲೆಯ ಗಾಯ ಮಾತ್ರ. ಅದನ್ನು ನೋಡಿದಾಗಲೆಲ್ಲ ಆರ್ವಿಡ್‌ಗೆ ಶಾಪ ಹಾಕುತ್ತಿದ್ದೆ, ಹಾಕಿದ ಮೇಲೆ ಅವನು ಎಲ್ಲಿದ್ದಾನೋ ಎಂದು ತಿರುವಿನ ಕಡೆ ಕಣ್ಣು ಹಾಯಿಸುತ್ತಿದ್ದೆ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವಾಗಿದ್ದ ಆ ಮನುಷ್ಯ.

ನವೆಂಬರ್ ಮೊದಲ ವಾರ ದಕ್ಷಿಣದ ಬಿರುಗಾಳಿ ಎದ್ದಿತು. ಮಧ್ಯಾಹ್ನವೇ ಕತ್ತಲೆ ಕವಿದ ಹಾಗೆ, ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ನಮ್ಮ ಚಾನೆಲ್‌ನಲ್ಲಿ ಆ ಗಾಳಿ ಬಂದರೆ ಸೆಳವೂ ಅದರ ಜೊತೆಗೇ ಸೇರಿ ಎಲ್ಲವನ್ನೂ ಕೆಳಕ್ಕೆ ತಳ್ಳುತ್ತದೆ. ನಾನು ಹೊರಗೆ ನನ್ನ ಸೌದೆಯ ಮೇಲಿನ ಟಾರ್ಪಾಲು ಹಾರದಂತೆ ಕಟ್ಟುತ್ತಿದ್ದೆ. ಮೇಲಿನ ತಿರುವಿನಲ್ಲಿ ಒಂದು ಹಾಯಿಕಂಬ ಕಂಡಿತು. ಹಸಿರು ತೇಪೆ ಹಾಕಿದ ಹಾಯಿಯ ಮುಸುಕು. ಟಿಲ್ಲಿ.

ಇಂಜಿನ್ ಸದ್ದಿಲ್ಲ. ಆಮೇಲೆ ತಿಳಿಯಿತು, ದ್ವೀಪದ ಮರೆಯಲ್ಲಿ ಲಂಗರು ಕಿತ್ತುಬಂದು, ಅದನ್ನೆತ್ತಿ ಇಂಜಿನ್ ಹಾಕಿಕೊಂಡು ಹೊರಟರೆ, ನೀರಿನಲ್ಲಿದ್ದ ಯಾವುದೋ ಹಳೆಯ ಬಲೆ ದೋಣಿಯ ತಳದ ಫ್ಯಾನಿಗೆ ಸುತ್ತಿಕೊಂಡು ಇಂಜಿನ್ ನಿಂತುಹೋಗಿತ್ತು. ಮುಂದೆ ಅಂಗೈಯಗಲ ಹಾಯಿ ಬಿಚ್ಚಿಕೊಂಡು, ಚುಕ್ಕಾಣಿ ಒಂದನ್ನೇ ನಂಬಿ ಬರುತ್ತಿದ್ದ. ನಮ್ಮ ದಕ್ಕೆ ದಾಟಿದರೆ ಆಚೆಗೆ ಇರುವುದು ಹಳೆಯ ಮಿಲ್ಲಿನ ಮುರುಕು ಕಂಬಗಳ ಸಾಲು. ಅದಕ್ಕೆ ಹೋಗಿ ಒರಗಿದರೆ ಟಿಲ್ಲಿಯ ಹೊಟ್ಟೆ ಸೀಳುತ್ತದೆ. ಅವನ ಮಂಚ, ಒಲೆ, ಪಾತ್ರೆ, ಇರುವ ಒಂದೇ ಮನೆ ಚಾನೆಲ್‌ನ ತಳ ಸೇರುತ್ತದೆ. ಅವನ ಮೊಣಕಾಲಿಗೆ ಆ ನೀರಿನಲ್ಲಿ ಈಜುವ ಶಕ್ತಿಯೂ ಇಲ್ಲ.

ನನ್ನ ಮನೆಯ ಪಕ್ಕದ ಬೋಳು ನೀರಿಗೆ ನೇರವಾಗಿ ಬರುತ್ತಿದ್ದ. ಬಂದ ಹಾಗೆ ಕಣ್ಣು ಕಣ್ಣು ಕೂಡಿದವು. ಅವನ ಬಲಗೈಯಲ್ಲಿ ಹಗ್ಗ ಸುತ್ತಿ ಸಿದ್ಧವಾಗಿತ್ತು. ಎಸೆಯುವ ದೂರಕ್ಕೆ ಬಂದ. ಎಸೆಯಲಿಲ್ಲ. ಕೂಗಲೂ ಇಲ್ಲ. ಹಗ್ಗ ಹಿಡಿದುಕೊಂಡು ನಿಂತೇ ಇದ್ದ, ದೋಣಿ ನನ್ನ ಮುಂದೆ ಸರಿದು ಹೋಗುತ್ತಿತ್ತು.

ಆ ಕ್ಷಣದಲ್ಲಿ ನನಗೆ ಬಂದಷ್ಟು ಸಿಟ್ಟು ದೋಣಿ ಗುದ್ದಿದ ದಿನವೂ ಬಂದಿರಲಿಲ್ಲ.

"ಎಸಿಯೋ, ದರಿದ್ರದವ್ನೇ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ.

ಎಸೆದ. ಮೂವತ್ತು ವರ್ಷ ಟಗ್ಗಿನಲ್ಲಿ ಹಗ್ಗ ಎಸೆದ ಕೈ ಅದು, ಗಾಳಿಗೆ ಎದುರಾಗಿ ಎಸೆದರೂ ನೆಟ್ಟಗೆ ನನ್ನ ಎದೆಗೆ ಬಂತು. ಅಪ್ಪಿಕೊಂಡೆ. ಗೂಟಕ್ಕೆ ಒಂದು ಸುತ್ತು ಹಾಕುವಷ್ಟರಲ್ಲಿ ಎಳೆತ ಬಂದು ಎಡ ಮಣಿಕಟ್ಟಿನಲ್ಲಿ ಬೆಂಕಿ ಹೊತ್ತಿದ ಹಾಗಾಯಿತು. ಬಿಡಲಿಲ್ಲ. ಎರಡನೆಯ ಸುತ್ತು ಹಾಕಿದೆ. ಹಗ್ಗ ಕೀರಲು ದನಿ ಮಾಡಿ ಬಿಗಿಯಿತು, ಮನೆ ಒಂದು ಸಲ ವಾಲಿತು, ಟಿಲ್ಲಿ ನಿಧಾನವಾಗಿ ಮೂತಿಯನ್ನು ಗಾಳಿಗೆ ತಿರುಗಿಸಿ ನನ್ನ ಗೋಡೆಯ ಪಕ್ಕಕ್ಕೆ ಬಂದು ನಿಂತಿತು. ನನ್ನ ಕಿರುಚಾಟ ಕೇಳಿ ಅಕ್ಕಪಕ್ಕದವರು ಓಡಿಬಂದು ಉಳಿದ ಹಗ್ಗಗಳನ್ನು ಕಟ್ಟಿದರು. ಮಾತು ಬಿಟ್ಟ ಆ ಇಬ್ಬರೂ ಬಂದಿದ್ದರು.

ಆರ್ವಿಡ್ ದೋಣಿಯಿಂದ ಇಳಿಯಲಿಲ್ಲ. ಗಡ್ಡದಿಂದ ನೀರು ಸೋರುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು.

"ಯಾಕೋ ಎಸೀಲಿಲ್ಲ?" ಅಂದೆ. "ಕೈಯಲ್ಲೇ ಇತ್ತಲ್ಲ?"

"ನಿಮ್ಮ ಹಗ್ಗ ನಾನು ಹಿಡೀಲಿಲ್ವಲ್ಲಮ್ಮ," ಅಂದ. "ಯಾವ ಮುಖ ಇಟ್ಕೊಂಡು ಎಸೀಲಿ?"

ಅವನ ಮೇಲೆ ಇದ್ದ ಅಷ್ಟೂ ಸಿಟ್ಟು ಎಲ್ಲಿ ಹೋಯಿತೋ. ಮುಳುಗಿದರೂ ಸರಿ, ಕೇಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದ ಆ ಮುದುಕ. ಒಳಗೆ ಹೋಗಿ ಬಿಸಿ ಸೂಪು ತಂದು ಅವನ ಕೈಗಿಟ್ಟೆ. ಕುಡಿಯುತ್ತಾ ಅತ್ತ. ಮಳೆಯಿದ್ದದ್ದರಿಂದ ನಾವು ಯಾರೂ ಅದನ್ನು ನೋಡಿದ ಹಾಗೆ ಮಾಡಲಿಲ್ಲ.

ಗಾಳಿ ಇಳಿದ ಮೇಲೆ ಗಾರ್ಥ್ ರೈನ್‌ಕೋಟು ಹಾಕಿಕೊಂಡು ಬಂದ. ಬಿರುಗಾಳಿಗೆ ಸಿಕ್ಕಿದ ದೋಣಿ ಮೂರು ದಿನ ಇರಬಹುದು, ನಿಯಮದಲ್ಲಿದೆ ಎಂದ. ಮನೆಯ ಪಕ್ಕದ ನೀರು ಮನೆಯವರದು, ಅದೂ ನಿಯಮದಲ್ಲಿದೆ ಎಂದೆ ನಾನು. ದೋಣಿ ಕಟ್ಟಿಕೊಳ್ಳಬಹುದು, ಆದರೆ ಅದರಲ್ಲಿ ವಾಸವಿರಬೇಕೆಂದರೆ ಸಭೆ ಒಪ್ಪಬೇಕು ಎಂದ. ಹಾಗಾದರೆ ಸಭೆ ಕರಿ, ಈ ಸಲ ಐಸ್ ಬೇಡ ಎಂದೆ.

"ನೀನೇ ಅಲ್ವೇನಮ್ಮ ಅವನನ್ನ ಓಡಿಸಿದ್ದು?" ಅಂದ ಗಾರ್ಥ್.

"ಓಡ್ಸಿದ್ದೂ ನಾನೇ, ಹಿಡ್ದಿದ್ದೂ ನಾನೇ. ಹಿಡಿದ ಹಗ್ಗ ನೀರಿಗೆ ಬಿಸಾಡು ಅಂತ ನಿನ್ನ ಯಾವ ನಿಯಮದಲ್ಲಿದೆ, ಓದು ನೋಡೋಣ."

ಸಭೆ ಸೇರಿತು. ಎಲ್ಲ ಸಲೀಸಾಗಿ ಆಯಿತೆಂದು ಹೇಳಲಾರೆ. ಭಯ ಬಿದ್ದಾಗ ಕೂತವನು ಇನ್ನೊಮ್ಮೆ ಭಯ ಬಿದ್ದಾಗಲೂ ಕೂರುತ್ತಾನೆ ಎಂದು ಇಬ್ಬರು ಕೊನೆಯವರೆಗೂ ಕೈ ಕಟ್ಟಿಕೊಂಡೇ ಇದ್ದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಉಳಿದವರು ಕೈ ಎತ್ತಿದರು. ಆರ್ವಿಡ್ ಒಳಗೆ ಬರಲೊಲ್ಲದೆ, ಬಾಗಿಲು ತೆರೆದಿಟ್ಟುಕೊಂಡು ಹೊಸ್ತಿಲಲ್ಲಿ ನೀರಿನ ಕಡೆ ಮುಖ ಮಾಡಿ ನಿಂತಿದ್ದ. ಚಳಿಗಾಳಿ ಒಳಗೆ ನುಗ್ಗುತ್ತಿತ್ತು, ಬಾಗಿಲು ಮುಚ್ಚು ಎಂದು ಯಾರೂ ಅನ್ನಲಿಲ್ಲ. ಬಾಡಿಗೆಯಾಗಿ ತಿಂಗಳಿಗೆ ಇಷ್ಟು ಎಂದು ಗೊತ್ತಾಯಿತು, ಅವನ ಪಿಂಚಣಿಗೆ ಎಟುಕುವಷ್ಟೇ. ಜೊತೆಗೆ ನನ್ನ ಸೌದೆ ಒಡೆಯುವುದು ಅವನ ಕೆಲಸ.

ಆದರೂ ಆ ಮನುಷ್ಯನಿಗೆ ನಂಬಿಕೆ ಬರಲಿಲ್ಲ. ಕ್ರಿಸ್‌ಮಸ್ ಹತ್ತಿರವಾದರೂ ಸಾಮಾನುಗಳನ್ನು ಪೆಟ್ಟಿಗೆಯಿಂದ ತೆಗೆಯದೆ, ನೀರಿನ ತೊಟ್ಟಿ ತುಂಬಿಸಿಟ್ಟುಕೊಂಡು, ಯಾವಾಗ ಹೊರಡು ಎಂದರೂ ಹೊರಡಲು ಸಿದ್ಧನಾಗಿದ್ದ. ಹಲಗೆಯ ಮೇಲೆ ನಾನು ನಡೆದರೆ ಕಿಟಕಿಯಲ್ಲಿ ಅವನ ಗಾಬರಿಯ ಮುಖ. ಬೆಳಗ್ಗೆ ಬೆಳಗ್ಗೆ ಆ ಮುಖ ನೋಡಿ ನೋಡಿ ನನಗೇ ಎದೆ ಹಾರತೊಡಗಿತು. ಬೇಕೆಂದೇ ಹಾಡು ಗುನುಗುತ್ತಾ ನಡೆಯುವುದನ್ನು ಅಭ್ಯಾಸ ಮಾಡಿಕೊಂಡೆ, ಬರುತ್ತಿರುವುದು ನಾನೇ ಎಂದು ತಿಳಿಯಲಿ, ನನ್ನ ದನಿ ಕೇಳಿ ಹೊಸ ಗಾಬರಿ ಹುಟ್ಟದಿದ್ದರೆ ಸಾಕು ಎಂದು.

ಒಂದು ಮುಂಜಾನೆ ಕೆಳಗಿನಿಂದ ಬಾತುಕೋಳಿ ಬೇಟೆಯವರ ದೋಣಿಯೊಂದು ಮಂಜಿನಲ್ಲಿ ದಾರಿ ತಪ್ಪಿ ನಮ್ಮ ದಕ್ಕೆಗೆ ಬಂತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆರ್ವಿಡ್ ಅರ್ಧ ಗಡ್ಡ ಹೆರೆದುಕೊಂಡಿದ್ದವನು, ಇನ್ನರ್ಧದಲ್ಲಿ ಸೋಪಿನ ನೊರೆ, ಬರಿಗಾಲಲ್ಲಿ ಹಿಮ ಕಟ್ಟಿದ ಹಲಗೆಯ ಮೇಲೆ ಮೊಣಕಾಲು ಎಳೆಯುತ್ತಾ ಓಡಿದ. ಹಗ್ಗ ಹಿಡಿದ, ಕಟ್ಟಿದ, ಅವರಿಗೆ ದಾರಿ ಹೇಳಿದ. ಆ ಅಪರಿಚಿತರು ಏನೋ ಕೇಳಿದರು. ಅವನು ತಿರುಗಿ ಟಿಲ್ಲಿಯ ಕಡೆ ಕೈ ತೋರಿಸಿ ಏನೋ ಹೇಳಿದ. ನೀವು ಇಲ್ಲಿಯವರಾ ಎಂದು ಕೇಳಿದ್ದಿರಬೇಕು.

ಮಧ್ಯಾಹ್ನ ನಾನು ಸೌದೆಗೆಂದು ಹೊರಗೆ ಬಂದರೆ ಟಿಲ್ಲಿಯ ಪಕ್ಕ, ಹಲಗೆಯ ಮೇಲೆ ಆ ಹಗ್ಗದ ಕಾಲೊರಸು ಬಿದ್ದಿತ್ತು. ಇಷ್ಟು ತಿಂಗಳು ಸುರುಳಿ ಸುತ್ತಿಟ್ಟಿದ್ದರಿಂದ ಎರಡೂ ತುದಿ ಮೇಲಕ್ಕೆದ್ದಿದ್ದವು. ತುಳಿದು ಸರಿಮಾಡಬೇಕು ಎಂದು ನನ್ನ ಬೂಟಿನ ಕೆಸರನ್ನೆಲ್ಲ ಅದಕ್ಕೇ ಒರೆಸಿದೆ.

"ಒಳಗಿದೀಯೇನೋ?" ಎಂದು ಕೂಗಿದೆ.

"ಮನೇಲೇ ಇದೀನಿ ಬನ್ನಿ," ಅಂದ ಆರ್ವಿಡ್.